ಕೊಳೆರೋಗವೂ ಮೈಲುತುತ್ತವೂ



ಹೊನ್ನಾವರದ ದಕ್ಷಿಣಕ್ಕಿರುವ ಅಪ್ಸರಕೊಂಡಕ್ಕೆ ಹೋದವರು ಅಬ್ಬಿಯನ್ನೂ ಕಡಲನ್ನೂ ನೋಡಿ ಹಿಂದಿರುಗುವರು. ಆ ಸೀಮೆಯ ಅಡಕೆ ತೋಟಿಗನಾದರೋ ಆಷಾಢದಲ್ಲಿ ನೋಡುವುದು ಮುಗಿಲನ್ನು. ಬಿಡದೆ ಸುರಿಯುವ ಮಳೆಯಲ್ಲಿ ಎಳೆಗಾಯಿಗಳು ಕೊಳೆತು ಉದುರುತ್ತವೆ. ರೋಗವು ಸುಳಿಗೆ ಇಳಿದರೆ ಮರವೇ ಸಾಯುತ್ತದೆ.

ಇದಕ್ಕೆ ಹಿರಿಯರು ಕಂಡ ಉಪಾಯವು ಕೊಟ್ಟೆ ಕಟ್ಟುವುದು. ಎಂದರೆ, ಪ್ರತಿಯೊಂದು ಗೊನೆಗೂ ಮಳೆ ತಾಗದಂತೆ ಹೊದಿಕೆ ತೊಡಿಸುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ರೋಗದ ಕಾರಣವನ್ನು ಶೋಧಿಸಿ, 1910ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅವರು ಬೋಧಿಸಿದ ಮದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿಯ ತೋಟಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ಬಳ್ಳಿಗೆ ಮೈಲುತುತ್ತ, ಸುಣ್ಣಗಳನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದುದನ್ನು ಕಂಡು ಮಿಲ್ಲಾರ್ಡೆ ಎಂಬ ಪಂಡಿತನು 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಅಂದು ಹೊನ್ನಾವರವು ಮುಂಬಯಿ ಆಧಿಪತ್ಯದಲ್ಲಿತ್ತು. ಆದರೆ ರೋಗಕ್ಕೆ ಗಡಿಯಿಲ್ಲ, ಮದ್ದಿಗೂ ಇರಲಿಲ್ಲ.

ಮದ್ದಿನ ಪಾಕವು ಸರಳ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿದಾಗ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಕಲಸಿದ್ದನ್ನು ಅಂದೇ ಮುಗಿಸಬೇಕು.

ಹಾಗಾದರೆ ವೆಚ್ಚವೆಲ್ಲಿ? ನಾವು ಬಗೆದಂತೆ, ಅದು ಚೀಲದಲ್ಲಿಲ್ಲ, ಮರದ ತುದಿಯಲ್ಲಿದೆ. ಜಾರುವ ಮರವನ್ನೇರುವ ಕೊನೆಗಾರನ ಕೂಲಿಯೂ, ಅವನು ಒಡ್ಡುವ ಪ್ರಾಣವೂ ಮದ್ದಿನ ನಿಜವಾದ ಬೆಲೆ. ಆದಕಾರಣ ಮಿತವ್ಯಯವೆಂದರೆ ತುತ್ತವನ್ನು ಕಡಮೆ ಮಾಡುವುದಲ್ಲ. ನೀರಾದ ಮದ್ದನ್ನು ಹೊಡೆಸಿದವನು ಮರವೇರಿಸಿದ ಕೂಲಿಯನ್ನೂ ಕಳೆದುಕೊಳ್ಳುವನು. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ತರುವಾಯ ಬಿಸಿಲು ಕಂಡಾಗ ಮತ್ತೊಮ್ಮೆ, ಗೊನೆಯು ಪೂರ್ಣವಾಗಿ ತೊಯ್ಯುವಂತೆ ಹೊಡೆದರೆ ಅದೇ ಉಳಿತಾಯ. ತಾಮ್ರವು ಕಾಯಿಯ ಮೇಲೆ ಮೊದಲೇ ಇದ್ದು ಕಾಯುವುದೇ ಹೊರತು, ಕೊಳೆತುದನ್ನು ಬದುಕಿಸದು.

ಈಚೆಗೆ ನೆಲದ ಮೇಲೆ ನಿಂತೇ ಸಿಂಪಡಿಸುವ ಉದ್ದನೆಯ ದೋಟಿಗಳು ಬಂದಿವೆ. ಕೋಲ್ಮನ್ನರ ಮದ್ದು ಶತಮಾನವನ್ನು ದಾಟಿಯೂ ಉಳಿದಿದೆ. ಬದಲಾಗಬೇಕಾದುದು ಮನುಷ್ಯನು ಮಳೆಯಲ್ಲಿ ಮರದ ತುದಿಯಲ್ಲಿ ತೂಗಾಡುವ ಆ ಒಂದು ಪದ್ಧತಿ. ನಗರದಲ್ಲಿ ಕುಳಿತು ತಾಂಬೂಲವನ್ನು ಮೆಲ್ಲುವ ನಾವು ಇಷ್ಟನ್ನಾದರೂ ನೆನೆಯುವುದು ಉಚಿತ.