ಹಿರಿಯೂರು ಪರಿಸರದಲ್ಲಿ ಶರತ್ಕಾಲ ಹಾಗೂ ಚಳಿಗಾಲದ ಪ್ರವಾಸ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾಗಿದೆ. ನೈಋತ್ಯ ಮಾರುತಗಳು ಪಶ್ಚಿಮ ಘಟ್ಟಗಳಲ್ಲಿ ಮಳೆ ಸುರಿಸಿ ಈ ಬಯಲುಸೀಮೆಯನ್ನು ತಲುಪುವ ವೇಳೆಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಹೀಗಾಗಿ ಇಲ್ಲಿನ ಕೆರೆಕಟ್ಟೆಗಳಿಗೆ ನೀರು ಬರುವುದು ಹೆಚ್ಚಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆಯಿಂದ. ಬೇಸಿಗೆಯಲ್ಲಿ ಕಾದ ಬಂಡೆಯಂತೆ ಕಾಣುವ ಗುಡ್ಡಗಳು ಆ ಮಳೆಯ ನಂತರ ಹಸಿರಾಗುತ್ತವೆ. ನವೆಂಬರಿನಿಂದ ಜನವರಿಯವರೆಗೆ ಬಿಸಿಲು ಹಿತಕರವಾಗಿದ್ದು, ಮುಂಜಾನೆ ಚಳಿ ಇರುತ್ತದೆ. ಹಿರಿಯೂರು, ಚಿತ್ರದುರ್ಗ, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳನ್ನು ಸಂದರ್ಶಿಸಲು ಇದೇ ಸೂಕ್ತ ಕಾಲ.

ಈ ಸೀಮೆಯ ಇತಿಹಾಸವು ನೀರನ್ನು ಹಿಡಿದಿಟ್ಟುಕೊಂಡ ಇತಿಹಾಸವೂ ಹೌದು. ಅಣೆಕಟ್ಟು, ಕೋಟೆಯ ಹೊಂಡ, ಕೆರೆಯ ಶಾಸನ ಇವೆಲ್ಲವೂ ಅದಕ್ಕೆ ಸಾಕ್ಷಿ. ನೀರು ತುಂಬಿರುವ ಋತುವಿನಲ್ಲಿ ನೋಡಿದಾಗಲೇ ಇವುಗಳ ಉದ್ದೇಶ ಸ್ಪಷ್ಟವಾಗುತ್ತದೆ.

ವಾಣಿ ವಿಲಾಸ ಸಾಗರ

ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಈ ಅಣೆಕಟ್ಟನ್ನು ನಿರ್ಮಿಸಲಾಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೈಗೊಂಡ ಈ ಕಾಮಗಾರಿಯು 1907ರಲ್ಲಿ ಪೂರ್ಣಗೊಂಡಿತು. ಮಹಾರಾಜರು ಅಪ್ರಾಪ್ತ ವಯಸ್ಕರಾಗಿದ್ದಾಗ ರಾಜ್ಯಭಾರವನ್ನು ನಿರ್ವಹಿಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಡಲಾಗಿದೆ. ಅಣೆಕಟ್ಟಿನ ಬಳಿ ಕಣಿವೆ ಮಾರಮ್ಮನ ದೇವಾಲಯವಿದ್ದು, ಜಲಾಶಯ ನೋಡಲು ಬರುವವರು ದೇವಿಯ ದರ್ಶನವನ್ನೂ ಪಡೆಯುವುದು ವಾಡಿಕೆ.

ಜಲಾಶಯದ ಪೂರ್ಣಮಟ್ಟ 130 ಅಡಿ. ನೀರಿನ ಸಂಗ್ರಹಣಾ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಆದರೆ ಈ ಮಟ್ಟವನ್ನು ನೀರು ಮುಟ್ಟುವುದು ಅಪರೂಪ. 1933ರಲ್ಲಿ ತುಂಬಿದ ಜಲಾಶಯವು ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಅದು ಮತ್ತೊಮ್ಮೆ ಭರ್ತಿಯಾಯಿತು. ಸಮೃದ್ಧ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಹರಿದು ಬಂದ ನೀರು ಇದಕ್ಕೆ ಕಾರಣವಾಯಿತು. ಬರಗಾಲದಲ್ಲಿ ತಳ ಕಂಡ ಜಲಾಶಯವನ್ನು ನೋಡಿದ್ದ ಹಿರಿಯರು ಮೊಮ್ಮಕ್ಕಳೊಡನೆ ಬಂದು ಕೋಡಿಯ ನೀರನ್ನು ಕಣ್ತುಂಬಿಕೊಂಡರು. ಅದೇ ನೀರು ತಗ್ಗು ಪ್ರದೇಶಗಳಿಗೆ ನುಗ್ಗಿ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನ ಜಮೀನುಗಳನ್ನು ಮುಳುಗಿಸಿ, ರೈತರಿಗೆ ನಷ್ಟವನ್ನೂ ತಂದಿತು.

ಈ ಜಲಾಶಯವು ಹಿರಿಯೂರು ತಾಲ್ಲೂಕಿನ ತೆಂಗು ಮತ್ತು ಅಡಿಕೆ ತೋಟಗಳ ಆಧಾರ. ಹಿರಿಯೂರು ಮತ್ತು ಚಿತ್ರದುರ್ಗ ನಗರಗಳಿಗೆ ಕುಡಿಯುವ ನೀರು ಸಹ ಇಲ್ಲಿಂದಲೇ ಪೂರೈಕೆಯಾಗುತ್ತದೆ. ಸಂದರ್ಶಕರು ನೀರಿಗೆ ಎಸೆಯುವ ಪ್ಲಾಸ್ಟಿಕ್ ಚೀಲ ಹಾಗೂ ಊಟದ ಎಲೆಗಳು ಸಾವಿರಾರು ಮನೆಗಳ ಕುಡಿಯುವ ನೀರನ್ನು ಸೇರುತ್ತವೆ ಎಂಬುದನ್ನು ಗಮನದಲ್ಲಿಡತಕ್ಕದ್ದು.

ಹಿರಿಯೂರು ಪಟ್ಟಣ

ವೇದಾವತಿಯ ದಡದಲ್ಲಿರುವ ಹಿರಿಯೂರಿನ ತೇರು ಮಲ್ಲೇಶ್ವರ ದೇವಾಲಯವು ಪುರಾಣ ಪ್ರಸಂಗಗಳ ವರ್ಣಚಿತ್ರಗಳಿಗೆ ಹೆಸರಾಗಿದೆ. ಇವು ಮಂಟಪದ ಛಾವಣಿಯಲ್ಲಿರುವುದರಿಂದ ಹಗಲು ಬೆಳಕಿನಲ್ಲಿ, ಬಿಡುವು ಮಾಡಿಕೊಂಡು ನೋಡುವುದು ಉತ್ತಮ. ದೀಪದ ಹೊಗೆ ಮತ್ತು ಕೈ ಸ್ಪರ್ಶದಿಂದ ಚಿತ್ರಗಳು ಮಾಸುತ್ತವೆ, ಆದ್ದರಿಂದ ಮುಟ್ಟಬಾರದು. ಚಳಿಗಾಲದ ಕೊನೆಯಲ್ಲಿ, ಮಾಘ ಮಾಸದಲ್ಲಿ ಜರುಗುವ ಸ್ವಾಮಿಯ ರಥೋತ್ಸವಕ್ಕೆ ಸುತ್ತಮುತ್ತಲ ಗ್ರಾಮಗಳಿಂದ ಅಪಾರ ಸಂಖ್ಯೆಯಲ್ಲಿ ಭಕ್ತರು ಸೇರುತ್ತಾರೆ.

ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಹಾಗೂ ತೋಟಗಾರಿಕೆ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಳೆಯಾಶ್ರಿತ ಬೇಸಾಯದ ಬಗ್ಗೆ ತಿಳಿಯಲಿಚ್ಛಿಸುವ ವಿದ್ಯಾರ್ಥಿಗಳು ಹಾಗೂ ರೈತರು ಮುಂಚಿತವಾಗಿ ಅನುಮತಿ ಪಡೆದು ಭೇಟಿ ನೀಡಬಹುದು.

ಚಿತ್ರದುರ್ಗದ ಕೋಟೆ ಮತ್ತು ಚಂದ್ರವಳ್ಳಿ

ಹಿರಿಯೂರಿನಿಂದ ಸುಮಾರು 40 ಕಿ.ಮೀ. ದೂರದ ಚಿತ್ರದುರ್ಗದಲ್ಲಿ ಪಾಳೆಯಗಾರರ ಏಳು ಸುತ್ತಿನ ಕೋಟೆಯಿದೆ. 1779ರಲ್ಲಿ ಐದನೆಯ ಮದಕರಿ ನಾಯಕನ ಕಾಲದಲ್ಲಿ ಇದು ಹೈದರಾಲಿಯ ವಶವಾಯಿತು. ಒನಕೆ ಓಬವ್ವನ ಕಿಂಡಿ, ಏಕನಾಥೇಶ್ವರಿ, ಹಿಡಿಂಬೇಶ್ವರ ಮತ್ತು ಸಂಪಿಗೆ ಸಿದ್ಧೇಶ್ವರ ದೇವಾಲಯಗಳು, ಮದ್ದು ಬೀಸುವ ಕಲ್ಲುಗಳು, ಎಣ್ಣೆ ಕೊಳ ಇವು ಇಲ್ಲಿ ನೋಡತಕ್ಕವು. ಮಳೆಗಾಲದ ನಂತರ ಬರುವವರು ಹೊಂಡಗಳನ್ನು ತಪ್ಪದೆ ನೋಡಬೇಕು. ಬಂಡೆಗಳ ಮೇಲೆ ಬಿದ್ದ ಮಳೆನೀರು ಮೊದಲು ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೂ ಇಳಿಯುವಂತೆ ಹಿಂದಿನವರು ವ್ಯವಸ್ಥೆ ಮಾಡಿದ್ದರು. ಮುತ್ತಿಗೆಯ ಕಾಲದಲ್ಲಿ ಕೋಟೆಯೊಳಗಿನ ಜನರನ್ನು ಕಾಪಾಡಿದ್ದು ಕಲ್ಲಿನ ಗೋಡೆಗಳಷ್ಟೇ ಅಲ್ಲ, ಈ ನೀರೂ ಹೌದು.

ಕೋಟೆಯ ಹಿಂಬದಿಯ ಚಂದ್ರವಳ್ಳಿಯಲ್ಲಿ ಗುಡ್ಡಗಳ ನಡುವೆ ಕೆರೆ ಇದೆ. ಇಲ್ಲಿನ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ದೊರೆ ಮಯೂರಶರ್ಮನ ಶಾಸನವಿದ್ದು, ಅದು ಅವನು ಮಾಡಿಸಿದ ಕೆರೆಯ ಕಾಮಗಾರಿಯನ್ನು ದಾಖಲಿಸುತ್ತದೆ. ಇದು ನಾಲ್ಕನೆಯ ಶತಮಾನದ್ದು. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಹಾಗೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಇಲ್ಲಿ ದೊರೆತಿವೆ. ಅಂಕಲಿ ಮಠದ ಗವಿಗಳು ಕತ್ತಲಾಗಿರುವುದರಿಂದ ಟಾರ್ಚ್ ಇಟ್ಟುಕೊಂಡು, ಮಾರ್ಗದರ್ಶಕರೊಡನೆ ಒಳಹೋಗತಕ್ಕದ್ದು.

ಸಮೀಪದ ಆಡುಮಲ್ಲೇಶ್ವರದ ಕಿರು ಮೃಗಾಲಯವು ಮಕ್ಕಳಿಗೆ ಮೆಚ್ಚಿಕೆಯಾಗುವ ಸ್ಥಳ. ಜೋಗಿಮಟ್ಟಿಯು ವನ್ಯಜೀವಿ ಧಾಮವಾಗಿದ್ದು, ಚಿರತೆ ಮತ್ತು ಕರಡಿಗಳ ನೆಲೆಯಾಗಿದೆ. ಅಲ್ಲಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ಹೊಸದುರ್ಗ ಮತ್ತು ಹೊಳಲ್ಕೆರೆ

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯು ನಾಟಕಪ್ರಿಯರಿಗೆ ಪರಿಚಿತ ಗ್ರಾಮ. ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ ಇಲ್ಲಿ ಸಾಮಾನ್ಯವಾಗಿ ನವೆಂಬರ್ ಮೊದಲ ವಾರದಲ್ಲಿ ನಾಟಕೋತ್ಸವ ನಡೆಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಬಯಲು ರಂಗಮಂದಿರದಲ್ಲಿ ಸುತ್ತಲಿನ ಹಳ್ಳಿಗಳ ಜನರು ಕುಟುಂಬ ಸಮೇತ ಕುಳಿತು ನಾಟಕ ನೋಡುತ್ತಾರೆ. 1997ರಲ್ಲಿ ಆರಂಭವಾದ ಇಲ್ಲಿನ ಶಿವಸಂಚಾರ ತಂಡವು ನಾಡಿನಾದ್ಯಂತ ಸಂಚರಿಸಿ ಪ್ರದರ್ಶನ ನೀಡುತ್ತದೆ. ರಾತ್ರಿ ಚಳಿ ಇರುವುದರಿಂದ ಪ್ರೇಕ್ಷಕರು ಶಾಲು ಅಥವಾ ಕಂಬಳಿ ತರುವುದು ಒಳಿತು. ಇದೇ ತಾಲ್ಲೂಕಿನ ಹಾಲುರಾಮೇಶ್ವರವು ಚಿಲುಮೆಯಿರುವ ಪುಣ್ಯಕ್ಷೇತ್ರ.

ಹೊಳಲ್ಕೆರೆಯಲ್ಲಿ ಬಯಲು ಗಣಪತಿಯೆಂದೇ ಪ್ರಸಿದ್ಧವಾದ ಬೃಹತ್ ಪ್ರಸನ್ನ ಗಣಪತಿಯ ಮೂರ್ತಿಯಿದೆ. ಮೂರ್ತಿಯ ಬೆನ್ನ ಹಿಂದೆ ಜಡೆ ಇರುವುದು ಇದರ ವೈಶಿಷ್ಟ್ಯ.

ತಿಂಗಳುವಾರು ವಿಶೇಷಗಳು

- ಅಕ್ಟೋಬರ್: ದಸರಾ, ಹೊಲಗಳಲ್ಲಿ ಈರುಳ್ಳಿ ಕೊಯ್ಲು, ಕೆರೆ ಹೊಂಡಗಳಲ್ಲಿ ಹೊಸ ನೀರು.
- ನವೆಂಬರ್: ದೀಪಾವಳಿಯ ನಂತರ ದೇವಾಲಯಗಳಲ್ಲಿ ಕಾರ್ತಿಕ ದೀಪೋತ್ಸವ, ಸಾಣೇಹಳ್ಳಿ ನಾಟಕೋತ್ಸವ.
- ಡಿಸೆಂಬರ್: ರಾಗಿ ಒಕ್ಕಣೆ, ಸೊಗಡಿನ ಅವರೆಕಾಯಿ, ಕೋಟೆ ಹತ್ತಲು ಹಿತವಾದ ಹವೆ.
- ಜನವರಿ: ಮಕರ ಸಂಕ್ರಾಂತಿ. ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ ಡಿಸೆಂಬರ್–ಜನವರಿ ಅವಧಿಯಲ್ಲಿ ಜರುಗುತ್ತದೆ. ಮುಳ್ಳಿನಿಂದ ಕಟ್ಟಿದ ಗುಡಿಯನ್ನು ಬರಿಗಾಲಿನಲ್ಲಿ ಏರಿ ಕಳಶ ಇಳಿಸುವುದು ಇದರ ಮುಖ್ಯ ಆಚರಣೆ.

ಹಬ್ಬ ಜಾತ್ರೆಗಳ ದಿನಾಂಕವು ಪಂಚಾಂಗವನ್ನು ಅವಲಂಬಿಸಿರುವುದರಿಂದ ಹೊರಡುವ ಮೊದಲು ಸ್ಥಳೀಯವಾಗಿ ಖಚಿತಪಡಿಸಿಕೊಳ್ಳುವುದು.

ತಲುಪುವ ಬಗೆ

ಹಿರಿಯೂರು ಬೆಂಗಳೂರಿನಿಂದ ಸುಮಾರು 160 ಕಿ.ಮೀ. ದೂರದಲ್ಲಿ, ಪುಣೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿದೆ. ಇಲ್ಲಿಂದ ಚಿತ್ರದುರ್ಗ ಮತ್ತು ಹೊಸದುರ್ಗಗಳಿಗೆ ಬಸ್ ಸೌಕರ್ಯವಿದೆ. ರೈಲಿನಲ್ಲಿ ಬರುವವರು ಚಿತ್ರದುರ್ಗ, ಹೊಸದುರ್ಗ ರೋಡ್ ಅಥವಾ ಚಿಕ್ಕಜಾಜೂರು ನಿಲ್ದಾಣಗಳಲ್ಲಿ ಇಳಿಯಬಹುದು.

ಪ್ರವಾಸಿಗರಿಗೆ ಸೂಚನೆಗಳು

1. ಜಲಾಶಯ, ನಾಲೆ ಮತ್ತು ಕೋಟೆಯ ಹೊಂಡಗಳಲ್ಲಿ ಈಜಬಾರದು. ಕೋಡಿ ಹರಿಯುವಾಗ ನೀರಿನ ಹತ್ತಿರ ಇಳಿದು ಛಾಯಾಚಿತ್ರ ತೆಗೆಯುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.
2. ಮಳೆಯಲ್ಲಿ ನೆನೆದ ಬಂಡೆಗಳು ಜಾರುತ್ತವೆ. ಕೋಟೆಯಲ್ಲಿ ಮೆಟ್ಟಿಲುಗಳಿರುವ ದಾರಿಯನ್ನೇ ಬಳಸುವುದು.
3. ಬಂಡೆಗಳಲ್ಲಿ ಹೆಜ್ಜೇನು ಗೂಡುಗಳಿರಬಹುದು. ಹೊಗೆ ಮಾಡುವುದು, ಕಲ್ಲು ಎಸೆಯುವುದು ಸಲ್ಲದು.
4. ಡಿಸೆಂಬರಿನ ನಂತರ ಗುಡ್ಡದ ಹುಲ್ಲು ಒಣಗುತ್ತದೆ. ಬೀಡಿ ಸಿಗರೇಟಿನ ಒಂದು ಕಿಡಿಯಿಂದ ಇಡೀ ಗುಡ್ಡ ಸುಡಬಹುದು.
5. ಸ್ಮಾರಕಗಳ ಮೇಲೆ ಹೆಸರು ಕೆತ್ತುವುದು ಕಾನೂನು ರೀತ್ಯಾ ದಂಡನೀಯ ಅಪರಾಧ.
6. ಹೊಲದ ಬೆಳೆಯನ್ನು ತುಳಿಯಬಾರದು. ರೈತರ ವರ್ಷದ ದುಡಿಮೆ ಕೈಗೆ ಬರುವ ಕಾಲವಿದು.

ಈ ಸೀಮೆಯಲ್ಲಿ ಮಳೆ ಪ್ರತಿವರ್ಷವೂ ಒಂದೇ ಸಮನಾಗಿ ಬರುವುದಿಲ್ಲ. ತುಂಬಿದ ಕೆರೆಯನ್ನು ಕಂಡು ಸಂತೋಷಪಡುವ ಸಂದರ್ಶಕರು ಅದನ್ನು ಕಂಡಂತೆಯೇ ಶುದ್ಧವಾಗಿ ಉಳಿಸಿ ಹೋಗಬೇಕೆಂದು ವಿನಂತಿಸಲಾಗಿದೆ.