ಒಂದು ಕಣ್ಣು, ಮೂರು ಕಣ್ಣು: ಮುಂಬಯಿ ಕಿರುತೆರೆಯ ಬೆಳಕಿನ ಕಥೆ

ಮುಂಬಯಿಯ ದೂರದರ್ಶನ ಕೇಂದ್ರ ವರ್ಲಿಯಲ್ಲಿ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಟಿ.ವಿ. ಸ್ಟುಡಿಯೋದ ಪದ್ಧತಿ ಸಿನಿಮಾದ್ದಲ್ಲ. ರಂಗಭೂಮಿಗೂ ಆಕಾಶವಾಣಿಗೂ ಹತ್ತಿರವಾದದ್ದು. ನಾಟಕವಾಗಲಿ ಸಂದರ್ಶನವಾಗಲಿ, ಎರಡು ಮೂರು ಕ್ಯಾಮರಾಗಳು ಒಟ್ಟಿಗೆ ನೋಡುತ್ತಿರುತ್ತವೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತ ನಿರ್ಮಾಪಕ ಆ ಕ್ಷಣದಲ್ಲೇ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾನೆ. ಅಲ್ಲಿ ಚಿತ್ರೀಕರಣವೂ ಸಂಕಲನವೂ ಒಂದೇ ಕ್ರಿಯೆ. ಒಂದೇ ಕ್ಯಾಮರಾ ಇರಿಸಿ, ಒಂದು ಕೋನಕ್ಕೆ ದೀಪ ಹೊಂದಿಸಿ, ಒಂದು ಮಾತನ್ನು ತೆಗೆದು, ಮತ್ತೆ ಎಲ್ಲವನ್ನೂ ಕಿತ್ತು ಎದುರಿನ ಮುಖಕ್ಕೆ ಜೋಡಿಸುವ ಸಿನಿಮಾದವರಿಗೆ ಇದು ಅವಸರದ ಅಡುಗೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಹಲವು ಕ್ಯಾಮರಾಗಳ ಕೆಲಸವೆಂದರೆ ಕಳಪೆಯೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅದು ಪೂರ್ತಿ ನ್ಯಾಯವಲ್ಲ. 1951ರಲ್ಲಿ ಅಮೆರಿಕದ ‘ಐ ಲವ್ ಲೂಸಿ’ ಹಾಸ್ಯಮಾಲಿಕೆಯನ್ನು ಪ್ರೇಕ್ಷಕರೆದುರು ಮೂರು ಫಿಲ್ಮ್ ಕ್ಯಾಮರಾಗಳಿಂದ ಚಿತ್ರಿಸಿದಾಗ ಬೆಳಕು ಹೊಂದಿಸಿದವನು ಕಾರ್ಲ್ ಫ್ರಾಯಿಂಡ್, ‘ಮೆಟ್ರೊಪೊಲಿಸ್’ ಚಿತ್ರದ ಛಾಯಾಗ್ರಾಹಕ. ನೆರಳಿನ ಆ ಪಂಡಿತನೇ ನೆರಳನ್ನು ಅಳಿಸುವ ಸಮಬೆಳಕನ್ನು ರೂಪಿಸಬೇಕಾಯಿತು. ಮೂರು ಕಡೆಯಿಂದ ಏಕಕಾಲಕ್ಕೆ ನೋಡುವಾಗ ಒಂದು ಕ್ಯಾಮರಾಕ್ಕೆ ಸೊಗಸಾದ ನೆರಳು ಇನ್ನೊಂದಕ್ಕೆ ಬರಿಯ ಕಲೆ. ಬದಲಿಗೆ ದಕ್ಕಿದ್ದು ನಟರ ಮಾತಿನ ಕಡಿಯದ ಓಟ. ನಗೆಗೆ ಬೇಕಾದದ್ದೂ ಅದೇ.

ಮುಂಬಯಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದು ನಡೆಯಿತು. ಅದರ ನಡುವೆ ನಿಂತವರು ನಮ್ಮ ಮೈಸೂರಿನವರು. ವಿ.ಕೆ. ಮೂರ್ತಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಬಂದು ಗುರುದತ್ತರ ಕಣ್ಣಾದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದೊಳಕ್ಕೆ ಇಳಿಯುವ ಬೆಳಕಿನ ಕಂಬವನ್ನು ನೋಡಿದವರಾರೂ ಮರೆತಿಲ್ಲ. 1980ರ ದಶಕದಲ್ಲಿ ಪ್ರಾಯೋಜಿತ ಧಾರಾವಾಹಿಗಳ ಕಾಲ ಬಂದಾಗ ಸಿನಿಮಾದವರು ಕಿರುತೆರೆಗೆ ಬಂದರು. ತಮ್ಮ ರೀತಿಯನ್ನೂ ಜೊತೆಗೆ ತಂದರು. ಶಂಕರ್‌ನಾಗ್ ಆಗುಂಬೆಯಲ್ಲಿ ಎಸ್. ರಾಮಚಂದ್ರರ ಛಾಯಾಗ್ರಹಣದಲ್ಲಿ ‘ಮಾಲ್ಗುಡಿ ಡೇಸ್’ ಮಾಡಿದರು. ಮೂರ್ತಿಯವರು ಗೋವಿಂದ ನಿಹಲಾನಿಯವರ ‘ತಮಸ್’ನಲ್ಲಿ, ಅನಂತರ ಶ್ಯಾಮ್ ಬೆನಗಲ್ಲರ ‘ಭಾರತ್ ಏಕ್ ಖೋಜ್’ನಲ್ಲಿ ದುಡಿದರು. 1988ರ ನವೆಂಬರಿನಲ್ಲಿ ಆರಂಭವಾದ ಈ ಎರಡನೆಯದು ವಾರಕ್ಕೊಂದರಂತೆ 53 ಕಂತು. ಅಂಗೈಯಗಲದ ಕಪ್ಪುಬಿಳುಪು ಪೆಟ್ಟಿಗೆಯಲ್ಲಿ ನಾವು ಅದನ್ನು ನೋಡಿದವರು. ಮುಖದ ಅರ್ಧ ಕತ್ತಲಲ್ಲಿದ್ದಾಗ ಪೆಟ್ಟಿಗೆ ಕೆಟ್ಟಿದೆಯೆಂದು ಗುಂಡಿ ತಿರುಗಿಸಿದ ಹಿರಿಯರೂ ನಮ್ಮ ಮನೆಗಳಲ್ಲಿದ್ದರು.

ಆ ನೆರಳಿಗೆ ವಾರದ ಬಿಡುವು ಬೇಕಿತ್ತು. ಖಾಸಗಿ ವಾಹಿನಿಗಳು ಬಂದಮೇಲೆ ಬಿಡುವೇ ಹೋಯಿತು. 2000ದ ಜುಲೈ 3ರ ರಾತ್ರಿ ಸ್ಟಾರ್ ಪ್ಲಸ್‌ನಲ್ಲಿ ಎರಡು ಕಾರ್ಯಕ್ರಮಗಳು ಒಟ್ಟಿಗೆ ಹುಟ್ಟಿದವು. ‘ಕೌನ್ ಬನೇಗಾ ಕರೋಡ್‌ಪತಿ’ಗೆ ಹಲವು ಕ್ಯಾಮರಾ ಅನಿವಾರ್ಯ; ಉತ್ತರ ಹುಡುಕುವವನ ಬೆವರನ್ನು ಎರಡನೆಯ ಬಾರಿ ತೆಗೆಯಲಾಗದು. ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ಯ ಮಾತು ಬೇರೆ. ಅದು ಎಂಟು ವರ್ಷಗಳಲ್ಲಿ 1,800ಕ್ಕೂ ಹೆಚ್ಚು ಕಂತುಗಳಾಗಿ ಬೆಳೆಯಿತು. ದಿನಕ್ಕೊಂದು ಕಂತು ಮುಗಿಸಬೇಕಾದ ದೈನಿಕ ಧಾರಾವಾಹಿಗಳಲ್ಲಿ ದೀಪವನ್ನು ಕಿತ್ತು ಮತ್ತೆ ಹೊಂದಿಸಲು ಯಾರಿಗೆ ಪುರಸತ್ತು? ಎರಡು ಮೂರು ಕ್ಯಾಮರಾ ಇರಿಸಿ, ಮೇಲಿನಿಂದ ಎಲ್ಲ ಕಡೆಗೂ ಬೆಳಕು ಚೆಲ್ಲಿ ತೆಗೆಯುವುದು ರೂಢಿಯಾಯಿತು. ಇದರಲ್ಲಿ ತಂತ್ರಜ್ಞರ ಅಸಡ್ಡೆಯನ್ನು ಹುಡುಕುವುದು ತಪ್ಪು. ಗಡಿಯಾರವನ್ನು ಇಟ್ಟವರು ಬೇರೆಯವರು.

ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. ಅದೇ ವರ್ಷ ತುಳಸಿಯ ಕಥೆ ಮುಗಿಯಿತು. ಇಂದಿಗೂ ಇಂಥ ಧಾರಾವಾಹಿಗಳ ಹಜಾರದಲ್ಲಿ ಬೆಳಗೂ ನಡುರಾತ್ರಿಯೂ ಒಂದೇ ಬೆಳಕು. ಹೊತ್ತು ತಿಳಿಯಲು ನಾವು ಗೋಡೆಗಡಿಯಾರವನ್ನೇ ನೋಡಬೇಕು.