ಇಸಿಲದವರ ಮನೆ ಎಲ್ಲಿತ್ತು?

ಮನೆಗೆ ಯಾವ ಊರು ವಾಸಿ ಎಂಬ ಪ್ರಶ್ನೆ ಮೊಳಕಾಲ್ಮೂರು ಸೀಮೆಯಲ್ಲಿ ಬಹಳ ಹಳೆಯದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಒಂದಕ್ಕೊಂದು ಕೆಲವೇ ಮೈಲಿ ದೂರ. ಮೂರರಲ್ಲೂ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು; ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯದು. ಆದರೆ ಇಸಿಲದವರು ಮನೆ ಕಟ್ಟಿದ್ದೆಲ್ಲಿ? ಬ್ರಹ್ಮಗಿರಿಯ ಬುಡದಲ್ಲಿ ಎನ್ನುತ್ತಾರೆ ವಿದ್ವಾಂಸರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ, ಕಲ್ಲುಕೊಡಲಿಯ ಜನರ ಪದರದ ಮೇಲೆ ಕಬ್ಬಿಣ ಬಳಸಿದವರದು, ಅದರ ಮೇಲೆ ಶಾತವಾಹನ ಕಾಲದ್ದು ದೊರೆಯಿತು. ಹಿಂದಿನವರು ಆರಿಸಿದ ನೆಲವನ್ನೇ ಮುಂದಿನವರೂ ಆರಿಸಿದ್ದರು. ಇದಕ್ಕಿಂತ ಶಿಫಾರಸು ಬೇಕೇ?

ಜಟಿಂಗ ರಾಮೇಶ್ವರದ ಶಾಸನವಿರುವುದು ಬೆಟ್ಟದ ಮೇಲೆ. ಜಟಾಯು ಬಿದ್ದ ಜಾಗವೆಂದು ಜನ ಹತ್ತುತ್ತಾರೆ, ಇಳಿಯುತ್ತಾರೆ. ಆ ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರು. ಜಾತ್ರೆಯ ಬಳೆ ಅಂಗಡಿಗಳ ಕೆಳಗೆ ಅಶೋಕನ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ.